ಮೊದಲ ಸಾಲಿನ ಪತ್ತೇದಾರ

ಕಳ್ಳತನ ಆಗುವುದಕ್ಕೆ ಮೊದಲೇ ಕಳ್ಳನನ್ನು ಗುರುತಿಸುವ ವಿದ್ಯೆ ರಾಣೇಬೆನ್ನೂರಿನ ರದ್ದಿ ಅಂಗಡಿಯ ಮಕ್ತುಮಸಾಬನಿಗೆ ಐವತ್ತು ದಾಟಿದ ಮೇಲೆ ಒಲಿಯಿತು. ಕೆಲವರಿಗೆ ಆ ವಯಸ್ಸಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವನಿಗೆ ಇದು ಬಂತು. ಸಕ್ಕರೆ ಕಾಯಿಲೆಯಾಗಿದ್ದರೆ ಗುಳಿಗೆಯಾದರೂ ಸಿಗುತ್ತಿತ್ತು ಎಂದು ಅವನ ಹೆಂಡತಿ ಸೈದಾಬಿ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಆದದ್ದು ಇಷ್ಟು. ಊರಿನಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಹಳೆಯ ಲೈಬ್ರರಿಯೊಂದು ಬಾಗಿಲು ಹಾಕಿತು. ಅಲ್ಲಿದ್ದ ಪುಸ್ತಕಗಳೆಲ್ಲ ತೂಕಕ್ಕೆ ಬಿದ್ದು ಮಕ್ತುಮಸಾಬನ ಅಂಗಡಿ ಸೇರಿದವು. ಅವುಗಳಲ್ಲಿ ಮುಕ್ಕಾಲು ಪಾಲು ಪತ್ತೇದಾರಿ ಕಾದಂಬರಿಗಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದನ್ನು ಕೈಗೆತ್ತಿಕೊಂಡ ಮಕ್ತುಮಸಾಬನಿಗೆ ಹುಚ್ಚು ಹಿಡಿಯಿತು. ಆದರೆ ಒಂದು ಅಡಚಣೆ ಇತ್ತು. ಎದುರಿಗೇ ನೀಲಗಂಗವ್ವನ ಮಿರ್ಚಿ ಭಜಿಯ ಗಾಡಿ. ಭಜಿ ಕಟ್ಟಿಕೊಡಲು ಕಾಗದ ಮುಗಿದಾಗಲೆಲ್ಲ ಅವಳು ಬಂದು, ಮೇಲೆ ಯಾವ ಪುಸ್ತಕ ಇದೆಯೋ ಅದನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ಮಕ್ತುಮಸಾಬ ಮೊದಲ ಪುಟ ಓದಿ, ಯಾರದೋ ಪೇಪರ್ ತೂಗಿ ಬರುವಷ್ಟರಲ್ಲಿ ಎರಡನೆಯ ಪುಟದಲ್ಲಿ ಮಿರ್ಚಿ ಕೂತಿರುತ್ತಿತ್ತು. ಹೀಗೆ ಅವನು ನೂರಾರು ಕಾದಂಬರಿಗಳ ಆರಂಭವನ್ನು ಬಾಯಿಪಾಠ ಮಾಡಿದ್ದ, ಒಂದರ ಕೊನೆಯನ್ನೂ ಕಂಡಿರಲಿಲ್ಲ. ಕೊಲೆಗಾರರೆಲ್ಲ ಎಣ್ಣೆ ಕುಡಿದು ಗಟಾರ ಸೇರಿದ್ದರು.

ಬೇರೆ ಯಾರಾದರೂ ಆಗಿದ್ದರೆ ನೀಲಗಂಗವ್ವನ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಮಕ್ತುಮಸಾಬ ಜಗಳ ಬಿಟ್ಟು ಸಿದ್ಧಾಂತ ಕಟ್ಟಿದ. ಅದನ್ನು ಮೊದಲು ಕೇಳುವ ಭಾಗ್ಯ ಪಕ್ಕದ ಕಿರಾಣಿ ಅಂಗಡಿಯ ಕೊಟ್ರಪ್ಪನದಾಯಿತು.

"ಕೊನೀ ಪುಟ ಯಾಕ ಬೇಕೋ ಕೊಟ್ರಪ್ಪ? ಶ್ಯಾಣ್ಯಾ ಆದಂವಗ ಮೊದಲನೇ ಸಾಲು ಸಾಕು. 'ಬಾಗಿಲು ತಟ್ಟಿದವನ ಬೂಟಿಗೆ ಹಸಿ ಮಣ್ಣು ಮೆತ್ತಿತ್ತು' ಅಂತ ಬರದಿರ್ತಾನ. ಅಲ್ಲಿಗೆ ತಿಳ್ಕೋಬೇಕು, ಅಂವ ಹಿತ್ತಲದಾಗ ಹೆಣಾ ಹುಗದು ಬಂದಾನ."

"ಹೊಲಕ್ಕ ನೀರು ಹಾಯಿಸಿ ಬಂದಿರಬಾರದೇನು?"

"ಹೊಲಕ್ಕ ನೀರು ಹಾಯಿಸಿದ್ದನ್ನ ಯಾವಂವರ ಕಾದಂಬರಿ ಬರೀತಾನೇನು?"

ಕೊಟ್ರಪ್ಪ ಬೆಲ್ಲ ಒಡೆಯುವುದನ್ನು ಮುಂದುವರಿಸಿದ.

ಅಂದಿನಿಂದ ಅಂಗಡಿಗೆ ಬಂದವರನ್ನು ಮಕ್ತುಮಸಾಬ ಮೊದಲ ನೋಟದಲ್ಲೇ ಓದತೊಡಗಿದ. ಹಲಗೇರಿಯಿಂದ ಬಂದ ಒಬ್ಬ ತರುಣನ ಕೆಂಪು ಕಣ್ಣು ನೋಡಿ, "ಮನ್ಯಾಗ ಯಾರೋ ತೀರಿಕೊಂಡಾರ, ಸಮಾಧಾನ ಮಾಡ್ಕೋಪಾ" ಎಂದು ಬೆನ್ನು ಸವರಿದ. ಆ ತರುಣನಿಗೆ ಹಿಂದಿನ ದಿನವಷ್ಟೇ ಮದುವೆಯಾಗಿತ್ತು. ಇಂಥವು ಹತ್ತಾದರೂ ಓಣಿ ಅವನನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಒಂದು ಸಲ ಮಾತ್ರ ಗುರಿ ತಾಗಿತ್ತು. ಗ್ಯಾಸ್ ಒಲೆ ರಿಪೇರಿ ಎಂದು ಕೂಗುತ್ತ ಬಂದವನನ್ನು ನೋಡಿ "ಇಂವ ಖೊಟ್ಟಿ ಮನುಷ್ಯಾ" ಎಂದಿದ್ದ. ಅವನು ಸಂಜೆಯೊಳಗೆ ಓಣಿಯ ರೆಗ್ಯುಲೇಟರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪರಾರಿಯಾದ. ಅಂದಿನಿಂದ ಮಕ್ತುಮಸಾಬ ಬಾಯಿ ತೆರೆದರೆ ಓಣಿಯವರು ಮೊದಲು ನಗುತ್ತಿದ್ದರು, ಆಮೇಲೆ ಒಳಗೆ ಹೋಗಿ ಕೀಲಿ ಹಾಕಿಕೊಳ್ಳುತ್ತಿದ್ದರು.

ಇಂಥವನ ಮನೆಯಲ್ಲಿ ಮದುವೆಯ ಮಾತು ಎದ್ದಿತು. ಕಿರಿಯ ಮಗಳು ಸಾನಿಯಾ ದಿನವೂ ಬಸ್ಸಿನಲ್ಲಿ ಹಾವೇರಿಗೆ ಹೋಗಿ, ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವವಳು. ಅದೇ ದವಾಖಾನೆಯ ಔಷಧಿ ಅಂಗಡಿಯಲ್ಲಿ ಕೂರುವವನು ಬ್ಯಾಡಗಿಯ ಜಮೀರ್. ಇಬ್ಬರಿಗೂ ಮನಸ್ಸು ಕೂಡಿತ್ತು. ಅವಳು ತಾಯಿಗೆ ಹೇಳಿದಳು, ಅವನು ತಂದೆಗೆ ಹೇಳಿದ. ಅವನ ತಂದೆ ಸರ್ಫರಾಜ ಸಾಹೇಬರು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲರು, ಮನೆಯಲ್ಲಿ ಅವರ ಮಾತೇ ಕೊನೆ. ಅವರು ಹೂಂ ಅಂದರೆ ಸಾನಿಯಾ, ಊಹೂಂ ಅಂದರೆ ಹುಬ್ಬಳ್ಳಿಯ ಸೋದರತ್ತೆಯ ಮಗಳು. ಬರುವ ಐತವಾರ ಹೆಣ್ಣು ನೋಡಲು ಬರುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು.

ಸುದ್ದಿ ಬಂದ ದಿನವೇ ಸಾನಿಯಾ ತಂದೆಯನ್ನು ಎದುರಿಗೆ ಕೂರಿಸಿಕೊಂಡಳು.

"ಅಬ್ಬಾ, ಐತವಾರ ಅವರು ಬಂದಾಗ ಯಾರ ಬೂಟೂ ನೋಡಬ್ಯಾಡ್ರಿ, ಯಾರ ಕೈಯೂ ನೋಡಬ್ಯಾಡ್ರಿ. ಚಾ ಕುಡೀರಿ, ಹೌದ್ರಿ ಅನ್ರಿ, ಸಾಕು."

"ಅಲ್ಲವಾ, ಮನುಷ್ಯಾನ್ನ ಒಂದ ಸಲ ನೋಡಿದ್ರ ನನಗ..."

"ಅಬ್ಬಾ, ಇದು ಮುರದು ಬಿತ್ತಂದ್ರ ನಾ ಇನ್ನೊಬ್ಬಾಂವನ್ನ ಮಾಡ್ಕೊಳ್ಳಾಂಗಿಲ್ಲ. ಖರೇ ಹೇಳ್ತೀನಿ."

ಅವಳ ಧ್ವನಿ ನಡುಗಿತು. ಮಕ್ತುಮಸಾಬ ಮಗಳ ತಲೆಯ ಮೇಲೆ ಕೈಯಿಟ್ಟು ಐತವಾರ ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟ. ಆ ಮಾತನ್ನು ಅವನು ಉಳಿಸಿಕೊಳ್ಳುತ್ತಿದ್ದನೋ ಏನೋ. ಅಷ್ಟರಲ್ಲಿ ಬುಧವಾರ ಬಂತು.

ಈ ಕಡೆ ಒಂದು ರೂಢಿ ಇದೆ. ಹೆಣ್ಣು ನೋಡಲು ಹತ್ತು ಮಂದಿ ಬರುವ ಮೊದಲು ಗಂಡಿನ ಕಡೆಯ ಹಿರಿಯನೊಬ್ಬ ಯಾರಿಗೂ ಹೇಳದೆ ಬಂದು ಹೋಗುತ್ತಾನೆ. ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಅಕ್ಕಪಕ್ಕದ ಕಟ್ಟೆಗಳ ಮೇಲೆ ಕೂತು, ಈ ಮನೆಯವರು ಹೇಗೆ, ಹುಡುಗಿ ಹೇಗೆ ಎಂದು ಹಾಗೇ ಮಾತಿಗೆ ಮಾತು ಬಂದಂತೆ ಕೇಳುತ್ತಾನೆ. ತನ್ನ ಹೆಸರನ್ನು ಮಾತ್ರ ಜಪ್ಪಯ್ಯ ಎಂದರೂ ಹೇಳುವುದಿಲ್ಲ. ಮಕ್ತುಮಸಾಬನೇ ಹಿರಿಯ ಮಗಳು ಸಿಮ್ರಾನಳ ಮದುವೆಗೆ ಮೊದಲು ತಲೆಗೆ ರುಮಾಲು ಸುತ್ತಿಕೊಂಡು, ಉಳ್ಳಾಗಡ್ಡಿ ವ್ಯಾಪಾರಿಯ ವೇಷದಲ್ಲಿ ಮೋಟೆಬೆನ್ನೂರನ್ನು ಸುತ್ತಿ ಬಂದಿದ್ದ. ಅಂಥವನಿಗೆ ಬುಧವಾರ ಮಧ್ಯಾಹ್ನ ಬಂದವರು ಯಾರೆಂದು ಹೊಳೆಯಬೇಕಿತ್ತು. ಸೈದಾಬಿ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ಅವಳಿಗೆ ಹೊಳೆಯುತ್ತಿತ್ತು. ಅವಳು ಅಂದು ಐರಣಿಯ ತಂಗಿ ಹಸೀನಾಬಿಯ ಮನೆಗೆ ಹೋಗಿದ್ದಳು.

ಬೆಳಗ್ಗೆಯಿಂದ ಮೆಣಸಿನಕಾಯಿ ಚೀಲಗಳಿಗೆ ಕೈ ಹಾಕಿ ಮಾಲು ನೋಡಿದ ಸರ್ಫರಾಜ ಸಾಹೇಬರು, ಆ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದಿದ್ದರು. ಮೂಗಿಗೆ ಟವೆಲ್ ಸುತ್ತಿತ್ತು. ಸೀನಿನ ಮೇಲೆ ಸೀನು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೈಗಳು ಮಣಿಕಟ್ಟಿನವರೆಗೆ ಕೆಂಪಾಗಿದ್ದವು. ಕಂಕುಳಲ್ಲಿ ನೆಪಕ್ಕೆಂದು ಒಂದು ಕಟ್ಟು ಹಳೆಯ ಪೇಪರ್. ಗುರುತು ಸಿಗಬಾರದೆಂದು ಸಲಾಮನ್ನೂ ಹೇಳದೆ ಅವರು ಅಂಗಡಿಯ ಮುಂದೆ ನಿಂತು, ಅಂಗಡಿಯ ಹಿಂದಿದ್ದ ಮಕ್ತುಮಸಾಬನ ಮನೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

'ಆಗಂತುಕನ ಬೆರಳ ತುದಿಗಳು ಕೆಂಪಾಗಿದ್ದವು.'

ಸಾಲು ತಾನಾಗಿಯೇ ಮಕ್ತುಮಸಾಬನ ತಲೆಯಲ್ಲಿ ಮೂಡಿತು. ಮೈ ಜುಂ ಎಂದಿತು. ಹಾವೇರಿ ಜಿಲ್ಲೆಯಲ್ಲಿ ಸೀನುತ್ತ ಬಂದ ಕೆಂಪು ಕೈಯವನನ್ನು ಕಂಡರೆ ತೊಟ್ಟಿಲ ಕೂಸು ಸಹ ಬ್ಯಾಡಗಿಯ ಕಡೆ ಬೆರಳು ತೋರಿಸುತ್ತದೆ. ಆ ಊರಿನ ಮೆಣಸಿನಕಾಯಿ ಹೆಸರಾದದ್ದೇ ಬಣ್ಣಕ್ಕೆ. ಆದರೆ ಪತ್ತೇದಾರನಾದವನು ಎಲ್ಲರಿಗೂ ಕಾಣುವುದನ್ನು ಕಂಡರೆ ಅವನ ಮರ್ಯಾದೆ ಏನಾಗಬೇಕು?

"ಮನಿ ನಿಮ್ಮದೇನ್ರಿ?" ಎಂದರು ಸರ್ಫರಾಜ ಸಾಹೇಬರು.

"ಅಲ್ಲ," ಎಂದ ಮಕ್ತುಮಸಾಬ. ಪತ್ತೇದಾರ ತನ್ನ ಗುರುತನ್ನು ಮೊದಲೇ ಬಿಟ್ಟುಕೊಡಬಾರದು. "ನಾ ಬರೇ ಅಂಗಡಿ ನೋಡ್ಕೊಳ್ಳಂವ."

"ಯಾರ್ಯಾರು ಇರ್ತಾರ ಮನ್ಯಾಗ?"

"ಯಾಕ್ರಿ?"

"ಹಂಗ, ಸುಮ್ನ ಕೇಳಿದೆ. ಹಗಲಿಗೆ ಯಾರೂ ಇರೂದಿಲ್ಲೇನ? ಹುಡುಗಿ ಎಷ್ಟೊತ್ತಿಗೆ ಬರ್ತಾಳ?"

ಮಕ್ತುಮಸಾಬನಿಗೆ ಇನ್ನು ಸಂಶಯ ಉಳಿಯಲಿಲ್ಲ. ಮನೆ ಒಡೆಯುವ ಮೊದಲು ಕಳ್ಳರು ಹೀಗೆ ಬಂದು ನೋಡಿಕೊಂಡು ಹೋಗುತ್ತಾರೆ. ಮುಖ ಮುಚ್ಚಿದ್ದಾನೆ. ಮಾಡಿದ ಪಾಪಕ್ಕೆ ಕಣ್ಣೀರು ಸುರಿಯುತ್ತಿದೆ. ಇದಕ್ಕೆ ಮೊದಲು ನುಗ್ಗಿದ ಮನೆಯವರು ಎದುರು ಬಿದ್ದಿರಬೇಕು, ಕೈಯ ರಕ್ತವನ್ನೂ ತೊಳೆದುಕೊಂಡಿಲ್ಲ. ಮದುವೆಗೆಂದು ಸೈದಾಬಿ ಕೂಡಿಟ್ಟ ಬಂಗಾರ ಟ್ರಂಕಿನಲ್ಲಿದೆ, ಅದು ಹೋದರೆ ಸಾನಿಯಾಳ ಗತಿ ಏನು? ಈ ವಿಚಾರ ಬಂದದ್ದೇ ಅವನಿಗೆ ಹುಲಿಯ ಬಲ ಬಂತು.

"ಪೇಪರ್ ಇಟ್ಟು ಹೋಗ್ರಿ, ತೂಗಿ ಇಡ್ತೀನಿ. ಓಣ್ಯಾಗ ಅಡ್ಡಾಡಿ ಬರ್ರಿ," ಎಂದು ನಯವಾಗಿ ಸಾಗಹಾಕಿ, ರದ್ದಿಯ ಗುಡ್ಡದ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಮೊಬೈಲ್ ಹಚ್ಚಿದ. ಕೊಟ್ರಪ್ಪನಿಗೆ, ನೀಲಗಂಗವ್ವನಿಗೆ, ಮೂಲೆಮನೆಯ ಮುದುಕಿ ಹೊಳಿಯವ್ವನಿಗೆ, ಹೀಗೆ ಮೂವರಿಗೂ ಒಂದೇ ಸಂದೇಶ ಹೋಯಿತು. "ಕಳ್ಳ ಬಂದಾನ. ನಮ್ಮನಿ ಬಗ್ಗೆ ಕೇಳ್ತಾನ. ಅಲ್ಲಿ ಕಾಲಿಡಾಕ ಮನಸ್ಸಾಗಬಾರದು, ಹಂಗ ಹೇಳ್ರಿ."

ಓಣಿಯ ಋಣ ದೊಡ್ಡದು. ಮೂವರೂ ಟೊಂಕ ಕಟ್ಟಿ ನಿಂತರು.

ಸರ್ಫರಾಜ ಸಾಹೇಬರು ಮೊದಲು ಹೋದದ್ದು ಕೊಟ್ರಪ್ಪನ ಅಂಗಡಿಗೆ. ಒಂದು ಬೆಂಕಿ ಪೆಟ್ಟಿಗೆ ಕೊಂಡು ಮಾತು ತೆಗೆದರು.

"ಆ ಮನಿಯವರು ಹೆಂಗ್ರಿ? ಅನುಕೂಲಸ್ಥರೇನು?"

"ಯಾವ ಅನುಕೂಲ ತಗೊಂಬಂದ್ರಿ," ಎಂದ ಕೊಟ್ರಪ್ಪ. "ಬಂಗಾರ ಒತ್ತಟ್ಟಿಗಿರಲಿ, ಆ ಮನ್ಯಾಗ ನೆಟ್ಟಗಿರೂ ತಾಟು ಸೈತ ಇಲ್ಲ. ಉಣ್ಣಾಕ ಪಾಳಿ ಹಚ್ತಾರ."

"ಹುಡುಗಿ ಹಾವೇರ್ಯಾಗ ನೌಕರಿ ಮಾಡ್ತಾಳಂತ?"

ಕೊಟ್ರಪ್ಪ ಹುಷಾರಾದ. ಮನೆ ಖಾಲಿ ಇರುವ ಹೊತ್ತನ್ನು ತಿಳಿಯಲು ಇವನು ಹೂಡಿದ ಆಟ ಇದು! "ಎಲ್ಲೀ ನೌಕರಿ! ಬಿಡಿಸಿ ಮನ್ಯಾಗ ಕುಂದರ್ಸ್ಯಾರ. ದಿನಾಪೂರ್ತಿ ಬಾಗಲದಾಗ ಕುಂತಿರ್ತಾಳ. ಯಾರರ ಹೊಸಬರು ಬಂದ್ರ ಮೈಮ್ಯಾಲೆ ಏರಿ ಹೋಗ್ತಾಳ."

ಹಾಗಾದರೆ ಮಗನೇ ತನಗೆ ಸುಳ್ಳು ಹೇಳಿದನೇ ಎಂದು ಸರ್ಫರಾಜ ಸಾಹೇಬರ ಮುಖ ಸಣ್ಣದಾಯಿತು. ಅಲ್ಲಿಂದ ಭಜಿ ಗಾಡಿಗೆ ಬಂದರು. ನೀಲಗಂಗವ್ವ ಕಾದ ಎಣ್ಣೆಗಿಂತ ಹೆಚ್ಚು ಕಾದು ಕೂತಿದ್ದಳು.

"ಆ ಹುಡುಗಿ ಸುದ್ದಿ ತೆಗೀಬ್ಯಾಡ್ರಿ ಯಪ್ಪಾ! ಮೊನ್ನೆ ಕೊರಿಯರ್ ತಂದಂವನ ಕೈ ತಿರುವಿ ಮುರದಾಳ. ರಾತ್ರಿ ನಿದ್ದಿನ ಮಾಡಾಂಗಿಲ್ಲ, ಬಡಿಗಿ ಹಿಡ್ಕೊಂಡು ಅಂಗಳದಾಗ ಅಡ್ಡಾಡ್ತಿರ್ತಾಳ."

"ಯಾಕ?"

ಯಾಕೆ ಎಂದು ನೀಲಗಂಗವ್ವ ಯೋಚಿಸಿರಲಿಲ್ಲ. "ಹವ್ಯಾಸ," ಎಂದಳು.

ಸರ್ಫರಾಜ ಸಾಹೇಬರು ಹೊಳಿಯವ್ವನ ಕಟ್ಟೆಗೆ ಬಂದರು. ತಂದೆಯಾದರೂ ನೆಟ್ಟಗಿದ್ದಾನೆಯೇ ಎಂದು ಕೇಳಿದರು. ಹೊಳಿಯವ್ವ ಎಲೆಯಡಿಕೆಯನ್ನು ದವಡೆಗೆ ತಳ್ಳಿ, "ಅಂವಗ ಅಮಾಸಿಗೊಮ್ಮೆ ಕೈಕಾಲು ಕಟ್ಟಿ ಹಾಕ್ತಾರ," ಎಂದಳು. ಇದು ಸುಳ್ಳೆಂದು ಹೊಳಿಯವ್ವನಿಗೂ ಪೂರ್ತಿ ಖಾತ್ರಿ ಇರಲಿಲ್ಲ.

ಸರ್ಫರಾಜ ಸಾಹೇಬರು ಪೇಪರಿನ ಆಸೆ ಬಿಟ್ಟು ಬಸ್ ನಿಲ್ದಾಣದ ದಾರಿ ಹಿಡಿದರು. ಕಳ್ಳ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮಕ್ತುಮಸಾಬ ಓಡಿ ಬಂದು ಅವರ ತೋಳು ಹಿಡಿದ.

"ತೂಕ ಆಗೈತ್ರಿ, ಒಳಗ ಬಂದು ರೊಕ್ಕ ತಗೊಂಡು ಹೋಗ್ರಿ. ಬಿಸಲಾಗ ಬಂದೀರಿ, ಒಂದೀಟು ನೀರು ಕುಡೀರಿ."

ನೀರು ಎಂದರೆ ಒಲ್ಲೆ ಎನ್ನುವುದು ಹೇಗೆ? ಅವರು ಒಳಗೆ ಕಾಲಿಟ್ಟರು. ಮಕ್ತುಮಸಾಬ ಹೊರಗೆ ನಿಂತು ಶಟರ್ ಎಳೆದ.

ಸುದ್ದಿ ಹೋದದ್ದೇ ಸರ್ಕಲ್ಲಿನಲ್ಲಿದ್ದ ಹೋಮ್ ಗಾರ್ಡ್ ಶಶಿಕಾಂತ ಲಾಠಿ ಬೀಸುತ್ತ ಬಂದ. ಕೆಲಸಕ್ಕೆ ಸೇರಿದಾಗಿನಿಂದ ಅವನು ಹಿಡಿದದ್ದು ಒಂದು ಬಿಡಾಡಿ ಎತ್ತು, ಅದೂ ತಪ್ಪಿಸಿಕೊಂಡಿತ್ತು. ಅವನು ಶಟರಿಗೆ ಬಾಯಿ ಹಚ್ಚಿ ವಿಚಾರಣೆ ಶುರುಮಾಡಿದ.

"ನಿನ್ನ ಹೆಸರೇನಲೇ?"

"ಹೇಳಾಂಗಿಲ್ಲ."

"ಯಾವೂರು?"

"ಹೇಳಾಂಗಿಲ್ಲ."

"ಈ ಮನಿ ಬಗ್ಗೆ ಯಾಕ ಕೇಳಿದಿ?"

"ಅದನ್ನಂತೂ ಜೀವಾ ಹೋದ್ರೂ ಹೇಳಾಂಗಿಲ್ಲ!"

ಪಾಪ, ಅವರಾದರೂ ಏನು ಹೇಳಿಯಾರು? ಹೆಣ್ಣಿನ ಮನೆ ವಿಚಾರಿಸಲು ಹೋಗಿ ರದ್ದಿಯಲ್ಲಿ ಸಿಕ್ಕಿಬಿದ್ದ ಎಂದು ಬ್ಯಾಡಗಿಯಲ್ಲಿ ಗೊತ್ತಾದರೆ ಮೆಣಸಿನಕಾಯಿ ಚೀಲಗಳೂ ನಕ್ಕಾವು. ಹಳೆಯ ಕಾಗದದ ಧೂಳಿಗೆ ಒಳಗಿನಿಂದ ಒಂದು ಭಾರೀ ಸೀನು ಬಂತು. ಶಟರ್ ಗಡಗಡ ಎಂದಿತು. ಸೇರಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಸೀನು ಸೈತ ಸಾದಾ ಇಲ್ಲ," ಎಂದ ಕೊಟ್ರಪ್ಪ.

ಮಕ್ತುಮಸಾಬ ಸ್ಟೂಲಿನ ಮೇಲೆ ಹತ್ತಿ ನಿಂತ. ಕೆಂಪು ಕೈ, ಮುಚ್ಚಿದ ಮುಖ, ಸುರಿಯುವ ಕಣ್ಣು, ಇವನ್ನು ಒಂದೊಂದಾಗಿ ವಿವರಿಸಿ, "ಮೊದಲನೇ ಸಾಲಿನಾಗ ಎಲ್ಲಾ ಇರ್ತೈತಿ, ಓದಾಕ ಬರಬೇಕಷ್ಟ" ಎಂದು ಮುಗಿಸಿದ. ಚಪ್ಪಾಳೆ ಬಿದ್ದವು. ಶಶಿಕಾಂತ ಜೀಪು ಕಳಿಸಲು ಹೇಳಬೇಕೆಂದು ಮೊಬೈಲ್ ತೆಗೆದು ಕಿವಿಗಿಡುವಾಗಲೇ ಹಾವೇರಿ ಬಸ್ಸಿನಿಂದ ಇಳಿದ ಸಾನಿಯಾ ಜನರನ್ನು ಸರಿಸಿಕೊಂಡು ಬಂದಳು.

"ಏನಾಗೈತಿ?"

"ಕಳ್ಳನ್ನ ಹಿಡದೇನವಾ," ಎಂದ ಮಕ್ತುಮಸಾಬ. ಇಷ್ಟು ಹೆಮ್ಮೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. "ಮುಖಾ ಮುಚ್ಚಿಕೊಂಡು, ನೀ ಎಷ್ಟೊತ್ತಿಗೆ ಬರ್ತಿ ಅಂತ ಕೇಳ್ಕೊಂತ ಬಂದಿದ್ದ. ನಿನ್ನ ಬಂಗಾರ ಉಳೀತು. ಬ್ಯಾಡಗಿ ಮಂದೀಗೆ ಹೇಳು, ನಿಮ್ಮ ಬೀಗರು ಎಂಥಾವ್ರು ಅಂತ!"

ಅವನ ಸನ್ನೆಗೆ ಶಶಿಕಾಂತ ಶಟರನ್ನು ಅರ್ಧ ಎತ್ತಿದ. ಪತ್ತೇದಾರಿ ಕಾದಂಬರಿಗಳ ಒಟ್ಟಿಲಿನ ಮೇಲೆ ಸರ್ಫರಾಜ ಸಾಹೇಬರು ಕೂತಿದ್ದರು. ಟವೆಲ್ ಜಾರಿತ್ತು. ಗಡ್ಡದ ತುಂಬ ಧೂಳು. ಜಮೀರ್‌ನ ಮೊಬೈಲಿನಲ್ಲಿ ಆ ಮುಖದ ಫೋಟೋವನ್ನು ಸಾನಿಯಾ ಎಷ್ಟೋ ಸಲ ನೋಡಿದ್ದಳು. ಅವಳ ಕೈ ತಾನಾಗಿ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಿತು.

"ಅಸ್ಸಲಾಮು ಅಲೈಕುಂ, ಚಾಚಾ," ಎಂದಳು. ಆಮೇಲೆ ತಂದೆಯ ಕಡೆ ತಿರುಗಿ, "ಅಬ್ಬಾ, ಇವರು ಜಮೀರ್ ಅವರ ಅಬ್ಬಾ."

ನೀಲಗಂಗವ್ವನ ಬಾಣಲೆಯಲ್ಲಿ ಮಿರ್ಚಿ ಕರ್ರಗಾಗುತ್ತಿತ್ತು. ಮಕ್ತುಮಸಾಬ ಸ್ಟೂಲಿನಿಂದ ಇಳಿದನೋ ಬಿದ್ದನೋ, ನೋಡಿದವರಿಗೂ ಹೇಳಲಾಗಲಿಲ್ಲ. ಮಗಳ ನಡುಗಿದ ಧ್ವನಿ ಅವನಿಗೆ ನೆನಪಾಯಿತು. ತಾನು ಕೀಲಿ ಹಾಕಿದ್ದು ಮಗಳ ಬಾಳಿಗೆ ಎಂದು ಅವನಿಗೆ ಆಗ ಗೊತ್ತಾಯಿತು.

ಮೊದಲು ಬಾಯಿ ಬಂದದ್ದು ಕೊಟ್ರಪ್ಪನಿಗೆ. "ಸಾಹೇಬ್ರ, ನಾ ಹೇಳಿದ್ದು ಒಂದೂ ಖರೇ ಅಲ್ರಿ! ಅವರ ಮನ್ಯಾಗ ತಾಟು ರಗಡ ಅದಾವ!"

"ಹುಡುಗಿ ಅಂದ್ರ ಆಕಳ್ರಿ," ಎಂದಳು ನೀಲಗಂಗವ್ವ. "ಇಲ್ಲೀತನಕಾ ಒಂದು ಇರವಿ ತುಳದಿಲ್ಲ. ಕೊರಿಯರ್ ಹುಡುಗನ ಕೈ ಗಟ್ಟಿಮುಟ್ಟ ಐತಿ, ಬೇಕಂದ್ರ ಕರಸ್ತೀನಿ!"

"ಅಮಾಸಿಗೆ ಕಟ್ಟೂದು ಬಿಟ್ಟಾರ," ಎಂದಳು ಹೊಳಿಯವ್ವ.

ಸರ್ಫರಾಜ ಸಾಹೇಬರು ಕೈ ಎತ್ತಿದರು. "ಸಾಕ್ರಿ, ಸಾಕು. ನೀವು ಬೈದಾಗ ನಂಬಿಗಿ ಬಂದಿತ್ತು. ಹೊಗಳಾಕತ್ತಿದ್ರ ಅಂಜಿಕಿ ಬರಾಕತ್ತೈತಿ."

ಮಕ್ತುಮಸಾಬ ಅವರ ಕಾಲಿಗೆ ಬೀಳಲು ಬಾಗಿದ. ಅಷ್ಟರಲ್ಲಿ ಸಾನಿಯಾಳ ತಾಳ್ಮೆ ಮುಗಿಯಿತು. ಮದುವೆ ಹೇಗೂ ಮುರಿಯಿತು ಎಂದು ಅವಳು ತಿಳಿದಿದ್ದಳು. ಇನ್ನು ಯಾರ ಮುಲಾಜು?

"ಏಳ್ರಿ ಅಬ್ಬಾ! ಒಂದು ಪುಟ ಓದಿ ಮಂದೀ ಜನ್ಮಾ ತೀರ್ಮಾನ ಮಾಡ್ತೀರಿ, ನಾಚಿಕಿ ಆಗಾಂಗಿಲ್ಲ? ಮನೀ ಬಾಗಲಕ್ಕ ಬಂದವ್ರನ್ನ ರದ್ಯಾಗ ಕೂಡಿ ಹಾಕ್ತೀರಿ? ಕೊಟ್ರಪ್ಪ ಕಾಕಾ, ನಿಮಗರ ಬುದ್ಧಿ ಬ್ಯಾಡೇನು? ಶಶಿಕಾಂತಣ್ಣ, ಆ ಲಾಠಿ ಮೊದ್ಲ ಕೆಳಗಿಡು!" ಲಾಠಿ ಕೆಳಗೆ ಬಿತ್ತು. ಅವಳು ಸರ್ಫರಾಜ ಸಾಹೇಬರ ಕಡೆ ತಿರುಗಿದಳು. "ನೀವೂ ಅಷ್ಟರಿ ಚಾಚಾ. ಹೆಸರು ಹೇಳಿ ಬಂದಿದ್ರ ಕುರ್ಚಿ ಹಾಕ್ತಿದ್ವಿ. ಮುಖಾ ಮುಚ್ಚಿಕೊಂಡು, ಹುಡುಗಿ ಎಷ್ಟೊತ್ತಿಗೆ ಬರ್ತಾಳಂತ ಕೇಳ್ಕೊಂತ ಅಡ್ಡಾಡಿದ್ರ ಯಾವ ಓಣ್ಯಾಗರ ಹಿಡೀತಾರ. ನನ್ನ ಬಗ್ಗೆ ಕೇಳೂದಿತ್ತಂದ್ರ ನನ್ನ ಕೇಳಬೇಕಿತ್ತು."

ಮುಗಿಯಿತು ಎಂದುಕೊಂಡರು ಎಲ್ಲರೂ. ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸರ್ಫರಾಜ ಸಾಹೇಬರು ಗಡ್ಡದ ಧೂಳು ಕೊಡವಿಕೊಂಡು, ನಿಧಾನವಾಗಿ ಎದ್ದು, ಕೊಟ್ರಪ್ಪನನ್ನು ನೋಡಿದರು.

"ಹೊಸಬರ ಮೈಮ್ಯಾಲೆ ಏರಿ ಹೋಗ್ತಾಳ ಅಂದಿದ್ರಿ. ಅದೊಂದು ಮಾತ್ರ ಖರೇ ಹೇಳಿದ್ರಿ ನೋಡ್ರಿ."

ಕೊಟ್ರಪ್ಪ ತಲೆ ತಗ್ಗಿಸಿದ.

"ನಮ್ಮ ಜಮೀರ್ ಪಾಪದಂವ," ಎಂದರು ಅವರು. "ಗಿರಾಕಿ ಜೋರು ಮಾಡಿದ್ರ ಚಿಲ್ಲರಿ ಜಾಸ್ತಿ ಕೊಟ್ಟು ಕಳಸ್ತಾನ. ಮೆತ್ತಗಿನ ಹುಡುಗೀನ್ನ ತಂದ್ರ ಇಬ್ಬರನ್ನೂ ಮಂದಿ ಮಾರಿ ತಿಂದಾರು ಅಂತ ನನಗ ಚಿಂತಿ ಇತ್ತು. ಆ ಚಿಂತಿ ಇವತ್ತ ಹೋತು." ಅವರು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. "ಹತ್ತು ಊರಾಗ ಹೆಣ್ಣಿನ ಮನಿ ವಿಚಾರ ಮಾಡೇನ್ರಿ. ಎಲ್ಲಾ ಕಡೆ ಬಂಗಾರದಂಥಾ ಮಂದಿ ಅಂತಾರ, ಅಂದು ಒಳಗ ಹೋಗಿ ನಗ್ತಾರ. ಒಂದು ಮನೀ ಉಳಸಾಕ ಇಡೀ ಓಣಿ ನಿಂತು ಹಿಂಗ ಸುಳ್ಳು ಹೇಳಿದ್ದು ಇದ ಮೊದಲು. ಇಂಥಾ ಕಡಿಂದ ಹುಡುಗೀನ್ನ ತರಾಕ ಪುಣ್ಯಾ ಬೇಕು."

ಸಾನಿಯಾ ಒಮ್ಮೆಲೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅಷ್ಟು ಮಂದಿಯನ್ನು ಬೈದಾಗ ಬಾರದ ಅಳು ಈಗ ಬಂದಿತ್ತು. ಹೊರಗೆ ಕೊಟ್ರಪ್ಪ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದು, ಸಿಕ್ಕಸಿಕ್ಕವರ ಬಾಯಿಗೆ ಹಾಕತೊಡಗಿದ.

"ನಮ್ಮ ಒಪ್ಪಿಗಿ ಆತು," ಎಂದರು ಸರ್ಫರಾಜ ಸಾಹೇಬರು, ಮಕ್ತುಮಸಾಬನ ಎದುರು ನಿಂತು. "ಇನ್ನ ನಿಮ್ಮದು. ಮುಂಜಾನೆ ಎದ್ದು ಬ್ಯಾಡಗಿಗೆ ಬರ್ರಿ. ಹುಡುಗನ್ನ ನೋಡ್ರಿ, ಮನೀ ನೋಡ್ರಿ, ಬೇಕಾದವ್ರನ್ನ ಕೇಳ್ರಿ. ನೋಡಿದ ಮ್ಯಾಲೆ ಹೇಳ್ರಿ, ಅವಸರಿಲ್ಲ."

ಮಕ್ತುಮಸಾಬ ಅವರ ಕೆಂಪು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಒಳಗಿನಿಂದ ಮಗಳು ಬಿಕ್ಕುವುದು ಕೇಳುತ್ತಿತ್ತು.

"ನಾ ನೋಡೂದೇನೂ ಉಳದಿಲ್ರಿ," ಎಂದ. "ಸಾನಿಯಾ ನೋಡ್ಯಾಳ. ನನಗಿಂತ ಆಕಿಗೆ ಚಲೋ ಕಾಣತೈತಿ."